ಅಡಿಟಿಪ್ಪಣಿ

ನವನಗರ, ಮಧ್ಯಾಹ್ನ ಎರಡೂವರೆ.
ಫ್ಯಾನು ತಿರುಗುತ್ತದೆ, ಗಾಳಿ ಮಾತ್ರ ಬರುವುದಿಲ್ಲ.
ಎರಡನೆಯ ವರ್ಷದವರ ನಲವತ್ತೊಂದು ಅರ್ಜಿಗಳು;
ನಲವತ್ತರಲ್ಲಿ ಅರ್ಜಿದಾರಳು ಅತ್ಯಂತ ಬಡವಿ,
ಅತ್ಯಂತ ಅಮಾಯಕಳು, ಕಣ್ಣೀರಿಡುತ್ತಿದ್ದಾಳೆ.

'ಅತ್ಯಂತ' ಹೊಡೆದು ಹಾಕಿದೆ. ಕಣ್ಣೀರನ್ನೂ.
'ಮೇಲ್ಕಾಣಿಸಿದ ಸದರಿ' ಎಂಬ ಜೋಡಿಗೆ ಒಂದೇ ಗೆರೆ.
"ಕೋರ್ಟಿನಾಗ ಹಿಂಗ ಬರೀತಾರಲ್ರೀ ಸರ" ಅಂದ
ಹಿಂದಿನ ಬೆಂಚಿನ ಬಸಲಿಂಗ ಗುಡಗೇರಿ.
ಬರೀತಾರಪಾ. ನಾನೂ ಬರದೇನಿ, ಹದಿನೆಂಟು ವರ್ಷ.
ಕೊನೀಗೆ 'ಪ್ರಾರ್ಥನೆ' ಅಂತಿರತೈತಲ್ಲ,
ಅದು ಕೈ ಮುಗಿಯೂದಲ್ಲ;
ಏನು ಬೇಕು ಅನ್ನೂದನ್ನ ಎಣಿಸಿ ಕೇಳೂದು.

ತೀರ್ಪುಗಳೇನು, ಮೊಬೈಲು ತಿಕ್ಕಿದರೆ ನೂರು ಉದುರುತ್ತವೆ.
ಉದುರಿದ್ದರಲ್ಲಿ ಯಾವುದಕ್ಕೆ ಇನ್ನೂ ಉಸಿರಿದೆ, ನೋಡಿದಿರಾ?
ಒಬ್ಬ ವಕೀಲರಿದ್ದರು, ಎಂದು ಶುರುಮಾಡಿದೆ.
ಧಾರವಾಡದ ಪೀಠದೆದುರು ದನಿಯೆತ್ತಿ ಓದಿದರು;
ಓದಿದ ತೀರ್ಪು ಆರು ವರ್ಷದ ಹಿಂದೆಯೇ ಸತ್ತಿತ್ತು.
ನ್ಯಾಯಮೂರ್ತಿಗಳು ನಗಲಿಲ್ಲ,
ಕನ್ನಡಕ ಒರೆಸಿಕೊಂಡರು, ಅಷ್ಟೇ.
ಇಂಗ್ಲಿಷು ಬಾರದ ಕಕ್ಷಿದಾರ ಮುದುಕ
ಹೊರಗೆ ಬಂದು ಚಹಾ ಕೊಡಿಸಿದ:
"ಭಾಳ ಚೊಲೋ ಮಾತಾಡಿದ್ರಿ ಸಾಹೇಬ್ರ."

ಆ ಚಹಾದ ಬಿಸಿ
ಇವತ್ತಿಗೂ ಗಂಟಲು ದಾಟಿಲ್ಲ.
ಇದನ್ನು ತರಗತಿಯಲ್ಲಿ ಹೇಳುವುದಿಲ್ಲ.

ನಲವತ್ತೊಂದನೆಯದು ಹಜರತಬಿ ನದಾಫಳದು.
ಪ್ಯಾರಾ ನಾಲ್ಕು: 'ಬಳೆಗಾಡಿ ನಾಲ್ಕು ಅಡಿ ಅಗಲ.
ರಸ್ತೆ ಇಪ್ಪತ್ತೆರಡು. ಉಳಿದದ್ದು ಹದಿನೆಂಟು.
ನಾನೇ ಟೇಪು ಹಿಡಿದು ನೋಡಿದ್ದೇನೆ.'
ಕಾಲ್ಪನಿಕ ಸಮಸ್ಯೆ ಎಂದು
ಹಾಳೆಯ ನೆತ್ತಿಯ ಮೇಲೆ ನಾನೇ ಅಚ್ಚು ಹಾಕಿಸಿದ್ದೆ.
ಈ ಹುಡುಗಿ ಆದಿತ್ಯವಾರ ದುರ್ಗದಬೈಲಿಗೆ ಹೋಗಿ
ಯಾರದೋ ಗಾಡಿ ಅಳೆದು ಬಂದಿದ್ದಾಳೆ.
ಬಳೆಗಾರ್ತಿ ಬೈದಳಂತೆ, ಆಮೇಲೆ ಟೇಪಿನ ತುದಿ ಹಿಡಿದಳಂತೆ.

ವಕೀಲ ತನ್ನ ಮೊಕದ್ದಮೆಗೆ ತಾನೇ ಸಾಕ್ಷಿಯಾಗಬಾರದು;
'ನಾನೇ' ಎಂಬುದನ್ನು ಹೊಡೆಯಲೇಬೇಕು.
ಪೆನ್ನು ಇಟ್ಟೆ. ಎತ್ತಿದೆ. ಹೊಡೆದೆ.
ಪಕ್ಕದಲ್ಲಿ ಬರೆದೆ: ಅಳತೆ ಇರಲಿ.

ಹಾಳೆ ಇಸಿದುಕೊಂಡು ಹೋಗದೆ ನಿಂತಳು.
"ಸರ, ಆ ಸತ್ತ ತೀರ್ಪು ಓದಿದ ವಕೀಲರು...
ಅವರ ಹೆಸರೇನ್ರೀ?
ಆಧಾರ ಇಲ್ಲದ ಏನೂ ಬರೀಬ್ಯಾಡ್ರಿ ಅಂದಿದ್ರಿ,
ಅಡಿಟಿಪ್ಪಣಿಗೆ ಬೇಕಾಗಿತ್ತು."

ಗಂಟೆ ಹೊಡೆಯಲು ಇನ್ನೂ
ಹನ್ನೆರಡು ನಿಮಿಷ ಇತ್ತು.