ಪೂರ್ತಿ ಮುಚ್ಚದ ಕಿಂಡಿ

ಕೀಥ್ಲಿಯ ಹಳೆಯ ಪ್ರಾರ್ಥನಾ ಮಂದಿರದಲ್ಲಿ
ಈಗ ಒಲೆ ಮಾರುತ್ತಾರೆ.
ಪೀಠವಿದ್ದ ಕಡೆ ಒಂಬತ್ತು ಕಬ್ಬಿಣದ ಒಲೆಗಳು,
ಹೊಟ್ಟೆಯಲ್ಲಿ ಬೆಂಕಿಯಿಲ್ಲದೆ, ಗಾಜಿನ ಕಣ್ಣೊರೆಸಿಕೊಂಡು,
ಮದುವೆಗೆ ಬಂದ ಬೀಗರ ಹಾಗೆ ಬಿಗಿಯಾಗಿ ನಿಂತಿವೆ.

ತಮ್ಮ ಟ್ರೆವರ್‌ಗೆ ದೊಡ್ಡದೇ ಬೇಕು,
ಎಂಟು ಕಿಲೋವ್ಯಾಟಿನದು, ಎರಡು ಬಾಗಿಲಿನದು.
‘ಅಪ್ಪನ ಒಲೆ ಇದಕ್ಕಿಂತ ದೊಡ್ಡದಿತ್ತು’ ಅನ್ನುತ್ತಾನೆ.
ಅಪ್ಪನದು ಎಲ್ಲವೂ ದೊಡ್ಡದೇ. ನಾನು ಬಾಯಿ ಬಿಡುವುದಿಲ್ಲ.

ಇಮೋಜೆನ್ ಎಂಬ ಹುಡುಗಿ, ಮೂಗಿನ ತುದಿಗೆ ಮಸಿ,
ಕೋಣೆಯ ಅಳತೆ ಕೇಳುತ್ತಾಳೆ.
ಹನ್ನೆರಡು ಅಡಿ, ಹದಿಮೂರು; ಕಿಟಕಿ ಒಂದೇ.
‘ನಾಲ್ಕು ಕಿಲೋವ್ಯಾಟ್ ಧಾರಾಳ.
ಸಣ್ಣ ಕೋಣೆಗೆ ದೊಡ್ಡ ಒಲೆ ತಂದವರು
ಸೆಖೆ ತಾಳದೆ ಗಾಳಿಕಿಂಡಿ ಮುಚ್ಚುತ್ತಾರೆ.
ಉಸಿರು ಕಟ್ಟಿದ ಬೆಂಕಿ ಉರಿಯದು,
ಹೊಗೆಯಾಡುತ್ತದೆ.’

‘ಬೆಂಕಿಯಿದ್ದಲ್ಲಿ ಹೊಗೆ ಇದ್ದೇ ಇರುತ್ತಮ್ಮ’ ಟ್ರೆವರ್ ಗಾದೆ ಬಿಟ್ಟ.
ಅವಳು ಎರಡು ಸೌದೆ ಎತ್ತಿ ಒಂದಕ್ಕೊಂದು ಬಡಿದಳು.
ಠಣ್ ಎಂದಿತು, ಘಂಟೆಯ ಹಾಗೆ.
ಇನ್ನೆರಡು. ಧಬ್.
‘ಗಾದೆ ಮಾಡಿದವರದು ಹಸಿ ಸೌದೆ.’

ಪೂರಾ ಸೊನ್ನೆಯೇ, ಎಂದು ನಾನು ಕೇಳಿದೆ.
‘ಸೊನ್ನೆ ಅಲ್ಲ. ಸೊನ್ನೆ ಬೇಕಾದರೆ ಒಲೆಯೇ ಬೇಡ.’
ಮಾರುವವರು ಹೀಗೆ ಹೇಳಿದ್ದನ್ನು
ಅರವತ್ನಾಲ್ಕು ವರ್ಷದಲ್ಲಿ ಮೊದಲು ಕೇಳಿದೆ.

ಆಮೇಲೆ ಮಂಡಿಯೂರಿ ತೋರಿಸಿದಳು:
ಕಿಂಡಿಯ ತಗಡು ಸರಿಯುವ ದಾರಿಯಲ್ಲಿ
ಕಡಲೆಕಾಳಷ್ಟು ಒಂದು ತಿರುಪುಮೊಳೆ.
ಹೊಗೆ ನಿಷೇಧದ ಬೀದಿಗೆ ಈ ಒಲೆ ಬರುವುದೇ ಇದರೊಂದಿಗೆ.
ಎಷ್ಟು ಒತ್ತಿದರೂ ಪೂರ್ತಿ ಮುಚ್ಚದು.
‘ಅಂದರೆ ರಾತ್ರಿಯಿಡೀ ಕೆಂಡ ಉಳಿಯಲ್ಲ?’
‘ಉಳಿಯಲ್ಲ. ಬೆಳಿಗ್ಗೆ ಹೊಸದಾಗಿ ಹಚ್ಚಿ.’

ಅಪ್ಪ ರಾತ್ರಿ ಹತ್ತಕ್ಕೆ ಹಸಿ ಬೊಡ್ಡೆ ತುರುಕಿ
ಬೂಟಿನ ತುದಿಯಿಂದ ಕಿಂಡಿ ಒದ್ದು ಮುಚ್ಚುತ್ತಿದ್ದ.
ಬೆಳಗಾಗುವವರೆಗೆ ಬೂದಿ ಮುಚ್ಚಿದ ಕೆಂಡ.
ಇಡೀ ಚಳಿಗಾಲಕ್ಕೆ ಒಂದೇ ಕಡ್ಡಿ ಗೀರಿದೆನೆಂದು ಹೆಮ್ಮೆ.
ಅಮ್ಮನ ಜೊತೆಗೂ ಹಾಗೇ.
ಒಂದು ಮಾರ್ಚಿನಲ್ಲಿ ಮಾತು ನಿಂತಿತು,
ಯಾತಕ್ಕೆಂದು ಯಾರೂ ಹೇಳಲಿಲ್ಲ,
ಆರಲೂ ಇಲ್ಲ, ಉರಿಯಲೂ ಇಲ್ಲ.
ಪರದೆಗೆಲ್ಲ ಡಾಂಬರಿನ ವಾಸನೆ, ಒಲೆಯ ಗಾಜು ಕಪ್ಪು,
ಒಳಗೆ ಬೆಂಕಿಯಿದೆಯೆಂದು
ಮುಟ್ಟಿ ಸುಟ್ಟುಕೊಂಡೇ ತಿಳಿಯಬೇಕು.

ಗಿರಣಿಗಳು ಮುಚ್ಚಿದವು. ಕಲ್ಲುಗೋಡೆ ತೊಳೆದರು,
ಕಪ್ಪಿನಡಿಯಲ್ಲಿ ಜೇನಿನ ಬಣ್ಣ ಇತ್ತು.
ಪಕ್ಕದ ಮನೆಯ ನಸ್ರೀನ್, ಗಾಳಿ ಸತ್ತ ಜನವರಿ ಸಂಜೆ,
ಒಗೆದ ಬಟ್ಟೆ ಒಳಗೆಳೆದುಕೊಳ್ಳುತ್ತಾಳೆ,
ಕಿಟಕಿಗೆ ಟವೆಲ್ ತುರುಕುತ್ತಾಳೆ.
ಅವಳ ಉಮೈರ್‌ಗೆ ಆರು ವರ್ಷ.
ಬಾಯಿಗೆ ನೀಲಿ ಇನ್ಹೇಲರ್, ಪೀಪಿಯ ಹಾಗೆ.
ಒಂದು ದಿನ ದೂರು ಹೇಳಿದವಳಲ್ಲ;
ಈದಿಗೆ ಶಾವಿಗೆ ಪಾಯಸ ತಂದವಳು.
ಬಟ್ಟಲು ಹಿಂದಿರುಗಿಸುವಾಗ
ನಾನು ಅವಳ ಮುಖ ನೋಡಲಿಲ್ಲ.

ನಾಲ್ಕರದನ್ನೇ ತಂದೆವು.
ದಪ್ಪ ಸೌದೆ ಕೆಳಗೆ, ಸಣ್ಣ ಚಕ್ಕೆ ಮೇಲೆ,
ಬೆಂಕಿ ನೆತ್ತಿಗೆ. ತಲೆಕೆಳಗಾದ ಪಾಠ.
ಟ್ರೆವರ್ ನಂಬದೆ ಅಂಗಳಕ್ಕೆ ಹೋಗಿ ಚಿಮಣಿ ನೋಡಿ ಬಂದ.
ಏನಿದೆ ಅಂದೆ. ‘ನಕ್ಷತ್ರ’ ಅಂದ, ಬೇಸರದಲ್ಲಿ.

ರಾತ್ರಿ ಹತ್ತಾಯಿತು. ಎದ್ದ.
ಅದೇ ಬೂಟು, ಅದೇ ಕೋನ; ಕಾಲು ತಾನಾಗಿ ಹೋಯಿತು.
ಟಕ್. ಮೊಳೆ ತಡೆಯಿತು.
ಇನ್ನೊಮ್ಮೆ ಒತ್ತಿದ. ಟಕ್.
ಹಾಳಾಗಲಿ ಎಂದು ಕುರ್ಚಿಗೆ ಬಿದ್ದು
ಗಾಜಿನಾಚೆ ಕುಗ್ಗುತ್ತಿದ್ದ ಬೆಂಕಿ ನೋಡುತ್ತ
ಕೇಳಿದ, ಬಹಳ ಹೊತ್ತಿನ ಮೇಲೆ:
‘ಆ ಮಾರ್ಚಿನಲ್ಲಿ ಏನಾಯಿತು, ನಿನಗೆ ಗೊತ್ತೇನೆ?’

ಬೆಳಿಗ್ಗೆ ಒಲೆ ತಣ್ಣಗಿತ್ತು,
ಒಂದು ಹಿಡಿ ಬಿಳಿಬೂದಿ.
ಕಡ್ಡಿಪೆಟ್ಟಿಗೆ ಎಲ್ಲಿಟ್ಟೆವೆಂದು
ಇಬ್ಬರೂ ಹುಡುಕಿದೆವು.