ಅಲ್ಲ

ಲಕ್ವ ಹೊಡೆದ ಮೇಲೆ ನನ್ನ ಬಾಯಲ್ಲಿ
ಉಳಿದದ್ದು ಎರಡೇ:
ಒಂದು, ಯೇಸುವೇ.
ಇನ್ನೊಂದು, ಒಂದು ಸೊನ್ನೆ ಏಳು.

ಮಗಳ ಹೆಸರು ಹೋಯಿತು. ಅನ್ನ ಹೋಯಿತು.
ಈರನಗೆರೆ ಬದನೆಕಾಯಿ ಕೈಯಲ್ಲೇ ಹಿಡಿದು
ಅದನ್ನು ಏನನ್ನಬೇಕೋ ತಿಳಿಯದೆ ಅತ್ತೆ.
ಒಂದು ಸೊನ್ನೆ ಏಳು ಮಾತ್ರ ಗಟ್ಟಿ:
ಪಾಂಡವಪುರದ ರಾಗಿ ಮಿಲ್ಲಿನ ಫೋನು.
ಮಿಲ್ಲು ಕೆಡವಿ ಮೂವತ್ತು ವರ್ಷ.

ಆಗ ಎಕ್ಸ್‌ಚೇಂಜಿನಲ್ಲಿ ನನ್ನ ತಲೆಯೇ ಡೈರೆಕ್ಟರಿ.
ನೂರ ಅರವತ್ತು ಮನೆ, ಅಂಗಡಿ, ಠಾಣೆ, ಹೆರಿಗೆ ವಾರ್ಡು.
ಬೋರ್ಡಿನ ಮೇಲೆ ದೀಪ ಮಿಣುಕಿದರೆ ಸಾಕು,
ಅವರು ಬಾಯಿ ತೆರೆಯುವ ಮೊದಲೇ
ನನ್ನ ಕೈ ಸರಿಯಾದ ತೂತಿಗೆ ಹೋಗುತ್ತಿತ್ತು.
ಒಮ್ಮೊಮ್ಮೆ ಆ ಕಡೆಯಿಂದ ನಗು:
'ಅಲ್ಲ ಲೂರ್ದಮ್ಮ, ಇವತ್ತು ಅವರಲ್ಲ.'

ಆಟೋಮ್ಯಾಟಿಕ್ ಬಂತು. ಬೋರ್ಡು ಗುಜರಿಗೆ.
ತಲೆಯೊಳಗೆ ನೂರ ಅರವತ್ತು ಮನೆ ಖಾಲಿ ಬಿದ್ದವು.
ಅವುಗಳಿಗೆ ಯಾರು ಯಾವಾಗ ಬಾಡಿಗೆಗೆ ಬಂದರೋ,
ಕ್ರೋಶಾ ಹೆಣಿಗೆಯ ಲೆಕ್ಕ, ಮಗಳ ಬೀಜಗಣಿತ,
ಚರ್ಚಿನ ಕೊಯರಿನಲ್ಲಿ ಎರಡನೇ ದನಿ.
ನಾನು ಕಂಡದ್ದಿಲ್ಲ, ಬೀಗದ ಕೈ ಕೊಟ್ಟದ್ದೂ ಇಲ್ಲ.

ಈಗ ಬೋಗಾದಿ ರಸ್ತೆಯ ವಾಕ್ ಚಿಕಿತ್ಸೆಯ ಕೋಣೆಯಲ್ಲಿ
ಬಿಂದುಶ್ರೀ ನನ್ನೆದುರು ಒಂದು ಹಲಗೆ ಇಡುತ್ತಾಳೆ,
ಸ್ಲೇಟಿನಷ್ಟೇ. ಅದಕ್ಕೂ ಒಂದು ಬುದ್ಧಿ ಇದೆಯಂತೆ.
ಅದರ ಮೂಲೆಯ ಹಸಿರು ಚುಕ್ಕಿ ನೋಡಿ
ಏನೋ ಅನ್ನಬೇಕೆನಿಸಿತು. 'ಮಿ' ಅಂದೆ.
ಮೀನು? ಅಂತು.
ತಲೆಯಾಡಿಸಿದೆ.
ಮಿಕ್ಸಿ? ಮಿಂಚು? ಮಿಠಾಯಿ?

'ಅಲ್ಲ.'

ಬಿಂದುಶ್ರೀ ಪೆನ್ನು ಕೆಳಗಿಟ್ಟಳು.
ಮೂರು ವಾರದಲ್ಲಿ ನನ್ನ ಮೊದಲ ಹೊಸ ಮಾತು.
ಅಂದಿನಿಂದ ಅದು ಕೇಳುವುದು, ನಾನು ಅಲ್ಲವೆನ್ನುವುದು,
ಕತ್ತಲೆ ಕೋಣೆಯಲ್ಲಿ ಗೋಡೆ ತಡವುತ್ತಾ
ಇದು ಬಾಗಿಲಲ್ಲ, ಇದೂ ಅಲ್ಲ ಅಂದಹಾಗೆ.
ನಾಲ್ಕನೆಯ ದಿನ, ಬಸ್ ಸ್ಟಾಪಿನಲ್ಲಿ,
ಯಾರೂ ಕೇಳದಿದ್ದಾಗ, ತಾನಾಗಿ:
ಮಿಣುಕು.
ಪಕ್ಕದ ಹೂವಿನವಳು 'ಏನಮ್ಮ?' ಅಂದಳು.
ಇನ್ನೊಮ್ಮೆ ಅಂದೆ. ಇನ್ನೊಮ್ಮೆ.

ಈಗ 'ಮಿ' ಅಂದರೆ ಅದೇ ಮೊದಲು ತೋರಿಸುತ್ತದೆ, ಮಿಣುಕು.
ಕಲಿತುಬಿಟ್ಟಿದೆ.
ಹುಣಸೂರಿನಿಂದ ಬರುವ ಆ ಮಾತಿಲ್ಲದ ಡ್ರೈವರನಿಗೂ
ನನ್ನ ಮಿಣುಕು ತೋರಿಸಿತಂತೆ.
ಅವನು ಮುಖ ಕಿವುಚಿ, ಕೈ ಬಡಿದು, ಬೇಡ ಅಂದನಂತೆ.
ಒಳ್ಳೆಯದಾಯಿತು.

ಆದರೆ ನನ್ನ ನಾಲಗೆ ಸೋಮಾರಿ. ನನಗೆ ಗೊತ್ತು.
ಬೆರಳಿಟ್ಟರೆ ಪದ ಬರುವಾಗ
ಹುಡುಕುವುದು ಯಾಕೆ, ಅನ್ನುತ್ತದೆ.
ಹಿಂದೆ ಪಾಂಡವಪುರದಲ್ಲೂ ಹೀಗೇ,
ನಾನಿದ್ದೇನೆಂದು ಅರ್ಧ ಊರು
ತನ್ನ ಅಣ್ಣತಮ್ಮಂದಿರ ನಂಬರು ಮರೆತಿತ್ತು.

ಅದಕ್ಕೇ ಸಂಜೆ ಒಂದು ಗಂಟೆ
ಹಲಗೆಯನ್ನು ಮೇಜಿನ ಮೇಲೆ ಬೋರಲು ಹಾಕುತ್ತೇನೆ.
ಹಳೆಯ ದನಿಯಲ್ಲಿ ಅದಕ್ಕೆ ಹೇಳುತ್ತೇನೆ,
ಪೂರ್ತಿ ಬರುವುದಿಲ್ಲ, ಮಧ್ಯೆ ತೊದಲು:
'ಸ್ವಲ್ಪ ಲೈನಲ್ಲೇ ಇರಿ.'

ಬದನೆಕಾಯಿ ಹೆಚ್ಚುತ್ತಾ ಕೂರುತ್ತೇನೆ.
ಮಗಳು ಬಾಗಿಲಲ್ಲಿ ನಿಂತಿದ್ದಾಳೆ.
ಅವಳ ಹೆಸರು ಬರುತ್ತಿದೆ,
ಎಲ್ಲೋ ತೋಣೂರು ಕೆರೆ ದಾಟಿದೆ, ಅನ್ನಿಸುತ್ತದೆ.