ಪಕ್ಕದ ಚೀಲ

ಡಾಕ್ಟರಮ್ಮ, ನನ್ನ ಕಸುಬು ನಿಮಗ ಹೇಳೇ ಇಲ್ಲ.
ಗಂಗಾವತಿಯೊಳಗ ಒಂದು ರೈಸ್ ಮಿಲ್ಲಿನಾಗ
ಹದಿನೇಳು ವರ್ಷ ಚೀಲ ಚುಚ್ಚಿದಾಂವ ನಾನು.
ಗೇಣುದ್ದ ಕಬ್ಬಿಣ, ಒಳಗ ಪೊಳ್ಳು, ತುದಿ ಚೂಪು,
ಪರಖಿ ಅಂತೀವಿ ನಾವದಕ್ಕ.
ಗೋಣಿಯ ಹೊಟ್ಟಿಗೆ ಓರೆಯಾಗಿ ಚುಚ್ಚಿ ತಿರುವಿದ್ರ
ಅಂಗೈಗೆ ಒಂದು ಹಿಡಿ ಒಳಗಿನ ಸುದ್ದಿ:
ಹಸಿ ಎಷ್ಟು, ನುಚ್ಚು ಎಷ್ಟು, ಹುಳ ಬಿದ್ದೈತೋ ಇಲ್ಲೋ.
ಹಲ್ಲಿಗೆ ಒಂದು ಕಾಳು ಇಟ್ಟು ಕಟ್ ಅನಿಸಿ
ರೇಟು ಹೇಳ್ತಿದ್ದೆ. ಸಾಹುಕಾರ ಕೇಳ್ತಿದ್ದ.

ಅದಕ್ಕ, ಬಳ್ಳಾರಿಯೊಳಗ ಬಯಾಪ್ಸಿ ಅಂದ್ರ ಏನಂತ ತಿಳಿದಾಗ
ಹೆದರಲಿಲ್ಲ. ಒಂದ್ಸಲ ಚುಚ್ಚಿ ನೋಡ್ರಿ ಅಂದೆ, ನಾನೇ.
ನೀವು ತಲಿ ಅಲ್ಲಾಡಿಸಿದ್ರಿ.
ಸ್ಕ್ಯಾನಿನ ಚೀಟಿಯೊಳಗ ನನ್ನ ಎರಡೂ ಕಿಡ್ನಿ
ಏಳೂವರಿ ಸೆಂಟಿಮೀಟರ್,
ಬಿಸಿಲಿಗೆ ಹಾಕಿದ ಬದನಿ ಹೋಳಿನಂಗ ಮುದುಡಿದ್ವು.
"ಈಗ ಚುಚ್ಚಿದರೆ ರಕ್ತ ನಿಲ್ಲದಿರಬಹುದು, ಹುಸೇನಪ್ಪ.
ನಿಂತರೂ ಸೂಜಿಯಲ್ಲಿ ಬರೋದು ಬರೀ ಗಾಯದ ಕಲೆ.
ಎಲ್ಲ ರೋಗಗಳ ಕೊನೆಯೂ ಒಂದೇ ಥರ ಕಾಣುತ್ತೆ."

ಗೊತ್ತಾತು.
ಎರಡು ಮಳಿಗಾಲ ಗೋದಾಮಿನ ಮೂಲ್ಯಾಗ ಕೊಳೆತ ಚೀಲ
ನಾನೂ ಚುಚ್ಚೀನಿ. ಕರಿ ಮುದ್ದಿ ಬರ್ತೈತಿ.
ನೀರು ಮೇಲಿನ ತಗಡಿನಿಂದ ಸೋರಿತೋ
ನೆಲದಿಂದ ಏರಿತೋ
ಗದ್ದಿಯಿಂದಾನ ಹಸಿ ಬಂದಿತ್ತೋ
ಆ ಮುದ್ದಿ ಹೇಳಂಗಿಲ್ಲ.

ಆದ್ರ ನನಗ ಹೆಸರು ಬೇಕಾಗಿತ್ತು.
ವಾರಕ್ಕ ಮೂರು ದಿನ, ನಾಕು ತಾಸು
ಮಷಿನ್ನಿಗೆ ತೋಳು ಕೊಟ್ಟು ಮಲಗಿದಾಂವಗ
ಜನಾನ ಒಂದೊಂದು ಹೆಸರು ಕೊಡ್ತಿದ್ರು:
ಗುಟ್ಕಾ ಅಂದ್ರು, ಬೋರಿನ ನೀರು ಅಂದ್ರು,
ಗದ್ದಿಗೆ ಹೊಡಿಯೋ ಎಣ್ಣಿ ಅಂದ್ರು.
ಹೆಂಡ್ತಿ ತವರಿನವರು ಕುಡಿತ ಅಂದ್ರು. ನಾನು ಕುಡಿಯಾಂವಲ್ಲ.

ತಂಗಿ ಪಕೀರಮ್ಮ ಬಂದ್ಲು ಸಿಂಧನೂರಿಂದ,
"ನಂದೊಂದು ತಗೊಳ್ರಿ" ಅಂತ,
ಸಂತ್ಯಾಗ ಸೌತಿಕಾಯಿ ಕೊಟ್ಟಂಗ.
ರಕ್ತದ ಗುಂಪು ಕೂಡ್ತು.
ಮೂತ್ರದಾಗ ಕಣ್ಣಿಗೆ ಕಾಣದ ರಕ್ತ ಸಿಕ್ತು.
ಎರಡು ಸಲ. ಮೂರನೇ ಸಲಾನೂ.
ಆಗ ನೀವು ಸೂಜಿ ಎತ್ತಿಕೊಂಡ್ರಿ.
ನನಗಲ್ಲ, ಅಕಿಗೆ.

ಪಕ್ಕದ ಚೀಲ!
ನನಗ್ಯಾಕ ಇದು ಹೊಳಿಲಿಲ್ಲ?
ಕೊಳೆತಿದ್ದನ್ನ ಬಿಟ್ಟು, ಅದಕ್ಕ ಮೈ ಹಚ್ಚಿ ನಿಂತ
ಇನ್ನೂ ಬೆಳ್ಳಗಿರೋ ಚೀಲ ಚುಚ್ಚಬೇಕು,
ಅಲ್ಲೇ ಇರ್ತೈತಿ ಹಸಿಯ ಮೊದಲ ಗುರುತು.

ಬೋರಲು ಮಲಗಿದ್ಲಂತ ಅಕಿ, ಉಸುರು ಹಿಡಿದು.
ಆಮ್ಯಾಲ ಇಡೀ ರಾತ್ರಿ ಅಂಗಾತ, ಹೊರಳಬಾರದು.
ಬೆಂಚಿನ ಮ್ಯಾಲ ಕುಂತು ನಾನು ನೋಡಿದ್ದು
ಅಕಿ ಬಾಟಲಿಯ ಬಣ್ಣ: ಕೆಂಪು, ಚಹಾ, ನಸುಹಳದಿ.
ಬೆಳಗಾಗೂತನ ಒಂದು ಹನಿ ನೀರು ಕುಡಿಲಿಲ್ಲ;
ಹೆಂಗೂ ನಂದು ಲೆಕ್ಕದ ನೀರು.

ದಾರದಷ್ಟು ಎಳಿ. ಯಾವುದೋ ದೂರದ ಊರಿಗೆ ಹೋತು,
ಭಾಳ ದೊಡ್ಡ ಕಣ್ಣಿನ ಮಷಿನ್ನಿನ ಕೆಳಗ.
ಇಪ್ಪತ್ತೆರಡು ದಿನಕ್ಕ ಬಂತು ಹೆಸರು.
ಹೆಸರಿಗಿಂತ ಮೊದಲು ನೀವು ಕೇಳಿದ್ರಿ:
"ಮನೆಯಲ್ಲಿ ಯಾರಿಗಾದರೂ ಕಿವಿ ಮಂದ ಇದೆಯಾ?"

ಎರಡು ಸಲ ಕೇಳಿದ್ರಿ.
ಮೊದಲ ಸಲ ನನಗ ಕೇಳಿಸಲಿಲ್ಲ.

ಹಲ್ಲರಿನ ಗದ್ದಲಕ್ಕ ಕಿವಿ ಹೋದ್ವು ಅಂತಿದ್ವಿ.
ಮಿಲ್ಲಿಗೆ ಕಾಲೇ ಇಡದ ಸೋದರಮಾವ ಮೌಲಪ್ಪ
ಇಪ್ಪತ್ತೈದಕ್ಕ ಕಿವುಡಾಗಿ, ಮೂವತ್ತಕ್ಕ ಮೈ ಬಾತು ಹೋದ.
ಅದನ್ನ ಇದಕ್ಕ ಯಾರು ಜೋಡಿಸಬೇಕು?
ಅವ್ವನ ಕಡಿಂದ ಇಳಿದು ಬಂದದ್ದು,
ಗಂಡಸರನ್ನ ಮುರಿದು,
ಹೆಣ್ಮಕ್ಕಳೊಳಗ ಸುಮ್ಮನ ಕುಂತು.

ವಾಪಸ್ ಹೋಗೂಮುಂದ ಪಕೀರಮ್ಮ ಬಸ್ಸಿನ ಕಿಟಕ್ಯಾಗಿಂದ
ನನ್ನ ಚೊಲೊ ಕಿವಿಗೆ ಬಾಯಿ ಹಚ್ಚಿ ಅಂದ್ಲು:
"ಕಿಡ್ನಿ ಕೊಡಾಕ ಆಗಲಿಲ್ಲ, ರೋಗದ ಹೆಸರರ ಕೊಟ್ಟೆ. ಸೀರಿ ಕೊಡಸು."
ನಗಬೇಕೋ ಬ್ಯಾಡೋ ತಿಳಿಲಿಲ್ಲ.

ಅಕಿ ಮಗ ತರುಣಗ ಹನ್ನೊಂದು.
ಈಗಲೇ ಗುಳಿಗಿ ಸುರು ಮಾಡಿದ್ರ ಭಾಳ ವರ್ಷ ಮುಂದಕ್ಕ ತಳ್ಳಬಹುದು ಅಂದೀರಿ.
ನಿನ್ನೆ ಅಂವ ಆಸ್ಪತ್ರಿ ಸಾಲಿನಾಗ ನಿಂತಿದ್ದ,
ಪ್ಲಾಸ್ಟಿಕ್ ಡಬ್ಬಿ ಅಂಗಿಯೊಳಗ ಮುಚ್ಚಿಕೊಂಡು, ನಾಚಿಕಿಗೆ.
ಗದ್ದಲ ಇತ್ತು.
ನಾನು ಹಿಂದಿನಿಂದ, ಮೆಲ್ಲಕ, ಅವನ ಹೆಸರು ಕರೆದೆ.

ತಿರುಗಿ ನೋಡಿದ.